ಕೊನೆಯ ತಟ್ಟೆಯ ಲೆಕ್ಕ

ಜಾಲಹಳ್ಳಿ ಕ್ರಾಸಿನ ಬಳಿಯ ಒಂದು ಔಷಧಿ ಅಂಗಡಿ. ಸಂಜೆ ಏಳರ ಹೊತ್ತು. ಪೀಣ್ಯದ ಕಾರ್ಖಾನೆಗಳು ಬಿಟ್ಟು, ತುಮಕೂರು ರಸ್ತೆಯ ಮೇಲೆ ಬಸ್ಸಿಗೂ ಮೆಟ್ರೋ ರೈಲಿಗೂ ಜನ ಧಾವಿಸುವ ವೇಳೆ. ನನ್ನ ಮುಂದೆ ನಿಂತಿದ್ದ ನಡುವಯಸ್ಸಿನ ತಾಯಿಯೊಬ್ಬರು ಎರಡು ಚೀಟಿಗಳನ್ನು ಅಂಗಡಿಯ ಹುಡುಗನ ಮುಂದಿಟ್ಟರು. ಒಂದು ಪತಿಯದು, ಇನ್ನೊಂದು ಅವರದು. ಎರಡರಲ್ಲೂ ರಕ್ತದೊತ್ತಡದ ಮಾತ್ರೆಗಳೇ.

“ಅವರದು ತಿಂಗಳಿಗಾಗೋಷ್ಟು ಕೊಡಪ್ಪ. ನಂದು ಹತ್ತು ದಿನಕ್ಕೆ ಸಾಕು.”

“ಅಮ್ಮ, ಡಾಕ್ಟ್ರು ನಿಮಗೂ ತಿಂಗಳಿಗೇ ಬರ್ದಿದಾರೆ. ಬಿ.ಪಿ. ಮಾತ್ರೆ ಮಧ್ಯೆ ಬಿಡಬಾರ್ದು.”

“ನಂಗೇನಾಗಿದೆ? ಓಡಾಡ್ಕೊಂಡೇ ಇದೀನಲ್ಲ. ಅವರದು ತಪ್ಪಬಾರ್ದು, ಅಷ್ಟೆ.”

ಹುಡುಗ ಮತ್ತೆ ಮಾತಾಡಲಿಲ್ಲ. ಕತ್ತರಿಯಿಂದ ಹತ್ತು ಮಾತ್ರೆಗಳನ್ನು ಕತ್ತರಿಸಿ ಕಾಗದದ ಚೀಲಕ್ಕೆ ಹಾಕಿದ. ಆ ತಾಯಿ ಸೆರಗಿನ ಮರೆಯ ಪರ್ಸಿನಿಂದ ಹಣ ಎಣಿಸಿ ಕೊಟ್ಟು, ಉಳಿದ ಚಿಲ್ಲರೆಯನ್ನು ಇನ್ನೊಮ್ಮೆ ಎಣಿಸಿಕೊಂಡು ಜನಜಂಗುಳಿಯಲ್ಲಿ ಮರೆಯಾದರು. ಆಕೆಯನ್ನು ಯಾರೂ ಒತ್ತಾಯಿಸಿರಲಿಲ್ಲ. ಗಂಡ ಜೊತೆಯಲ್ಲಿರಲಿಲ್ಲ. ಅತ್ತೆಯ ಕಣ್ಣೂ ಅಲ್ಲಿರಲಿಲ್ಲ. ನಿರ್ಧಾರ ಸಂಪೂರ್ಣವಾಗಿ ಅವರದೇ ಆಗಿತ್ತು. ಕನಿಷ್ಠಪಕ್ಷ ಹಾಗೆ ತೋರುತ್ತಿತ್ತು.

ನನ್ನ ಮನಸ್ಸಿನಲ್ಲಿ ಮೊದಲು ಮೂಡಿದ್ದು ಗೌರವ. ಎಂಥ ತಾಯಿ, ಎಂಥ ತ್ಯಾಗ ಎಂದುಕೊಂಡೆ. ಆದರೆ ಮನೆಯತ್ತ ನಡೆಯುತ್ತಿದ್ದಂತೆ ಆ ಗೌರವದ ಬೆನ್ನಿಗೇ ಒಂದು ಕಸಿವಿಸಿ ಹತ್ತಿಕೊಂಡಿತು. ಇಪ್ಪತ್ತು ದಿನಗಳ ಮಾತ್ರೆಯಿಲ್ಲದೆ ಏರುವ ರಕ್ತದೊತ್ತಡಕ್ಕೆ ಅದು ತ್ಯಾಗದ ಫಲವೆಂಬುದು ತಿಳಿಯುವುದಿಲ್ಲ. ಒಂದು ಮನೆಯಲ್ಲಿ ಇಬ್ಬರಿಗೆ ಒಂದೇ ಕಾಯಿಲೆ ಇದ್ದು, ಒಬ್ಬರ ಔಷಧಿ ಪೂರ್ತಿಯಾಗಿಯೂ ಇನ್ನೊಬ್ಬರದು ಮೂರನೆಯ ಒಂದು ಭಾಗವಾಗಿಯೂ ಬರುವುದಾದರೆ, ಅದನ್ನು ಪ್ರೀತಿಯೆಂದು ಕರೆಯಬೇಕೋ ಅನ್ಯಾಯವೆಂದು ಕರೆಯಬೇಕೋ? ಎರಡೂ ಒಂದೇ ಚೀಲದಲ್ಲಿ ಇರಲು ಸಾಧ್ಯವೇ?

ಮನೆಯೆಂಬ ಮುಚ್ಚಿದ ಬಾಗಿಲು

ಅರ್ಥಶಾಸ್ತ್ರವನ್ನು ನಾವು ಬಜೆಟ್ಟು, ಬ್ಯಾಂಕು, ಬೆಲೆಯೇರಿಕೆಗಳ ಶಾಸ್ತ್ರವೆಂದು ತಿಳಿದಿದ್ದೇವೆ. ಆದರೆ ಅದಕ್ಕೆ ಯುರೋಪಿನ ಭಾಷೆಗಳಲ್ಲಿರುವ ಹೆಸರಿನ ಮೂಲ, ಮನೆಯನ್ನು ನಡೆಸುವ ವಿದ್ಯೆ ಎಂಬ ಅರ್ಥದ ಗ್ರೀಕ್ ಪದ. ವಿಚಿತ್ರವೆಂದರೆ, ಮನೆಯ ಹೆಸರು ಹೊತ್ತ ಈ ಶಾಸ್ತ್ರವು ಬಹುಕಾಲ ಮನೆಯ ಹೊಸ್ತಿಲಲ್ಲೇ ನಿಂತುಬಿಟ್ಟಿತು. ಕುಟುಂಬಕ್ಕೆ ಒಂದು ಆದಾಯ, ಒಂದು ಖರ್ಚು, ಒಂದು ಇಚ್ಛೆ ಎಂದು ಅದು ಭಾವಿಸಿತು. ಒಳಗೆ ಹೋದ ಹಣ ಅಲ್ಲಿರುವ ಎಲ್ಲರಿಗೂ ತಕ್ಕಂತೆ ಹಂಚಿಕೆಯಾಗುತ್ತದೆ, ಪ್ರೀತಿಯುಳ್ಳ ಯಜಮಾನನೊಬ್ಬ ಅದನ್ನು ನೋಡಿಕೊಳ್ಳುತ್ತಾನೆ ಎಂಬುದು ಅದರ ನಂಬಿಕೆ. 1992ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಗ್ಯಾರಿ ಬೆಕರ್ ಅವರು ಕುಟುಂಬವನ್ನು ಕುರಿತು ಗಂಭೀರವಾಗಿ ಬರೆದ ಮೊದಲಿಗರಲ್ಲಿ ಒಬ್ಬರು. ಅವರ ಚಿಂತನೆಯಲ್ಲಿಯೂ ಇಂಥ ಉದಾರಿಯಾದ ಯಜಮಾನನಿಗೆ ದೊಡ್ಡ ಸ್ಥಾನವಿತ್ತು.

ಸರ್ಕಾರಗಳೂ ಹಾಗೆಯೇ ನಂಬಿದವು. ಬಡತನದ ರೇಖೆಯನ್ನು ಕುಟುಂಬಕ್ಕೆ ಎಳೆದರು, ವ್ಯಕ್ತಿಗೆ ಎಳೆಯಲಿಲ್ಲ. ಬಡವಲ್ಲದ ಮನೆಯೊಳಗೆ ಒಬ್ಬ ಬಡ ವ್ಯಕ್ತಿ ಇರಬಹುದು, ಗಟ್ಟಿಮುಟ್ಟಾದ ಕುಟುಂಬದೊಳಗೆ ರಕ್ತಹೀನಳಾದ ಒಬ್ಬಳು ಇರಬಹುದು ಎಂಬ ಯೋಚನೆಗೆ ಆ ಲೆಕ್ಕದ ಪುಸ್ತಕದಲ್ಲಿ ಜಾಗವೇ ಇರಲಿಲ್ಲ. ಆದರೆ ಅಂಥ ಒಬ್ಬಳು ಇರುವುದು ಅಪರೂಪವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆಯಿತ್ತು. ಅದೇ ವಯಸ್ಸಿನ ಗಂಡಸರಲ್ಲಿ ಶೇ. 25 ಮಂದಿಗೆ. ಕರ್ನಾಟಕದಲ್ಲಿಯೂ ಸುಮಾರು ಅರ್ಧದಷ್ಟು ಹೆಂಗಸರ ಸ್ಥಿತಿ ಇದೇ ಆಗಿತ್ತು. ಹೆಂಗಸರ ದೇಹಕ್ಕೆ ಕಬ್ಬಿಣದ ಅಂಶ ಹೆಚ್ಚು ಬೇಕೆಂಬುದು ನಿಜ. ಹೆಚ್ಚು ಬೇಕಾದವರಿಗೆ ಹೆಚ್ಚು ಬಡಿಸುವುದೇ ಮನೆಯ ಧರ್ಮವಲ್ಲವೇ? ನಮ್ಮ ಮನೆಗಳಲ್ಲಿ ನಡೆದಿರುವುದು ಅದಲ್ಲ.

ಕೊಪ್ಪಳದಿಂದ ಬಂದ ಉತ್ತರ

ಈ ಮುಚ್ಚಿದ ಬಾಗಿಲನ್ನು ತಟ್ಟಿದವರಲ್ಲಿ ನಮ್ಮ ಬೆಂಗಳೂರಿನವರೇ ಆದ ಒಬ್ಬ ಅರ್ಥಶಾಸ್ತ್ರಜ್ಞೆ ಇದ್ದಾರೆ. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯಲ್ಲಿ ದೀರ್ಘಕಾಲ ಪ್ರಾಧ್ಯಾಪಕರಾಗಿದ್ದ ಗೀತಾ ಸೇನ್ ಅವರು ಅದಿತಿ ಅಯ್ಯರ್, ಆಶಾ ಜಾರ್ಜ್ ಎಂಬ ಸಹೋದ್ಯೋಗಿಗಳೊಡನೆ ಕೊಪ್ಪಳ ಜಿಲ್ಲೆಯ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಆರೋಗ್ಯದ ವಿಚಾರ ಕೇಳುವ ಕೆಲಸ ಕೈಗೊಂಡರು. ಕೊಪ್ಪಳ 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾದ, ಮಳೆಯೂ ಸೌಕರ್ಯಗಳೂ ವಿರಳವಾದ ಸೀಮೆ. ದೀರ್ಘಕಾಲದ ಕಾಯಿಲೆಯಿಂದ ನರಳುವವರಲ್ಲಿ ಯಾರಿಗೆ ಚಿಕಿತ್ಸೆಯೇ ಆರಂಭವಾಗಲಿಲ್ಲ, ಯಾರಿಗೆ ಆರಂಭವಾಗಿ ನಡುವೆ ನಿಂತಿತು, ಯಾರಿಗೆ ಕಡೆಯವರೆಗೂ ಸಾಗಿತು ಎಂದು ಅವರು ಬಿಡಿಸಿ ನೋಡಿದರು.

2007ರಲ್ಲಿ ಪ್ರಕಟವಾದ ಅವರ ಲೇಖನದ ಸಾರ ಎರಡು ಮಾತುಗಳಲ್ಲಿದೆ. ಮೊದಲನೆಯದು: ಚಿಕಿತ್ಸೆಯೇ ಆರಂಭವಾಗದಿರುವುದರಲ್ಲಿ, ಬಡವರಾಗಲಿ ಬಡವರಲ್ಲದವರಾಗಲಿ, ಹೆಂಗಸರೇ ಹಿಂದೆ ಉಳಿದಿದ್ದರು. ಅಂದರೆ ಮನೆಯಲ್ಲಿ ಹಣವಿದ್ದ ಮಾತ್ರಕ್ಕೆ ಹೆಂಗಸಿನ ನೋವು ಕಾಯಿಲೆಯೆನಿಸಿಕೊಳ್ಳಲಿಲ್ಲ. ಎರಡನೆಯದು: ಆರಂಭವಾದ ಚಿಕಿತ್ಸೆಯನ್ನು ನಡುವೆ ನಿಲ್ಲಿಸುವ ಪ್ರಸಂಗ ಬಂದಾಗ ಆ ಕತ್ತರಿ ಬಿದ್ದದ್ದು ಮುಖ್ಯವಾಗಿ ಬಡ ಹೆಂಗಸರ ಮೇಲೆ. ಅತಿ ಬಡ ಮನೆಗಳಿಗೂ ಉಳಿದ ಬಡ ಮನೆಗಳಿಗೂ ನಡುವೆ ಕೆಲವು ವ್ಯತ್ಯಾಸಗಳಿದ್ದವಾದರೂ, ಒಟ್ಟು ಚಿತ್ರ ಇದೇ. ಈ ಎರಡನೆಯ ಬಗೆಯ ತಾರತಮ್ಯಕ್ಕೆ ಅವರು ಕೊಟ್ಟ ಹೆಸರನ್ನು ಕನ್ನಡದಲ್ಲಿ ಪಡಿತರದ ಪಕ್ಷಪಾತ ಎನ್ನಬಹುದು. ಕೊರತೆ ಬಂದಾಗ ಮನೆಯೂ ಒಂದು ಪಡಿತರ ಅಂಗಡಿಯಾಗುತ್ತದೆ. ಅಲ್ಲಿ ಯಾರ ಪಾಲು ಮೊದಲು ಕಡಿತವಾಗಬೇಕೆಂಬುದು ಬರೆಯದೆಯೇ ಗೊತ್ತಾಗಿರುತ್ತದೆ.

ಜಾಲಹಳ್ಳಿಯ ಆ ಔಷಧಿ ಅಂಗಡಿಗೂ ಕೊಪ್ಪಳದ ಹಳ್ಳಿಗೂ ನೂರಾರು ಮೈಲಿಗಳ ಅಂತರ. ಆದರೆ ಕತ್ತರಿ ಬಿದ್ದ ಜಾಗ ಒಂದೇ ಎಂದು ಆ ಲೇಖನವನ್ನು ನೆನೆದಾಗ ನನಗನಿಸಿತು. ಇಲ್ಲೊಂದು ವಿಪರ್ಯಾಸವೂ ಇದೆ. 2013ರ ಆಹಾರ ಭದ್ರತಾ ಕಾಯ್ದೆಯು ಪಡಿತರ ಚೀಟಿಯ ಮಟ್ಟಿಗೆ ಮನೆಯ ಹಿರಿಯ ಹೆಂಗಸನ್ನೇ ಕುಟುಂಬದ ಮುಖ್ಯಸ್ಥೆಯೆಂದು ಒಪ್ಪಿಕೊಂಡಿದೆ. ಸರ್ಕಾರದ ಚೀಟಿಯಲ್ಲಿ ಆಕೆಯ ಹೆಸರು ಮೊದಲು. ಮನೆಯೊಳಗಿನ ಪಡಿತರದಲ್ಲಿ ಆಕೆಯ ಪಾಲು ಕೊನೆ.

‘ನನಗೇನಾಗಿದೆ?’

ಆ ತಾಯಿಯ ಬಾಯಿಂದ ಬಂದ ಈ ಮಾತನ್ನು ಅರ್ಥಶಾಸ್ತ್ರಜ್ಞರು ಬಹಳ ಹಿಂದೆಯೇ ಕೇಳಿಸಿಕೊಂಡಿದ್ದಾರೆ. 1943ರ ಬಂಗಾಳದ ಭೀಕರ ಕ್ಷಾಮದ ಮರುವರ್ಷ, ಕಲ್ಕತ್ತೆಯ ಸಾರ್ವಜನಿಕ ಆರೋಗ್ಯ ಸಂಸ್ಥೆಯೊಂದು ಆ ನಗರಕ್ಕೆ ಹತ್ತಿರದ ಸಿಂಗೂರಿನಲ್ಲಿ ಸಮೀಕ್ಷೆ ನಡೆಸಿತು. ನಿಮ್ಮ ಆರೋಗ್ಯ ಹೇಗಿದೆಯೆಂದು ವಿಧುರರನ್ನೂ ವಿಧವೆಯರನ್ನೂ ಕೇಳಲಾಯಿತು. ತಾವು ಕಾಯಿಲೆಯಲ್ಲಿದ್ದೇವೆ ಅಥವಾ ತಮ್ಮ ಆರೋಗ್ಯ ಅಷ್ಟಕ್ಕಷ್ಟೇ ಎಂದು ಹೇಳಿಕೊಂಡ ವಿಧುರರು ಶೇ. 48.5. ಹಾಗೆ ಹೇಳಿಕೊಂಡ ವಿಧವೆಯರು ಶೇ. 2.5 ಮಾತ್ರ. ಆರೋಗ್ಯ ಅಷ್ಟಕ್ಕಷ್ಟೇ ಎಂಬ ಉತ್ತರವನ್ನಂತೂ ಒಬ್ಬ ವಿಧವೆಯೂ ಕೊಡಲಿಲ್ಲ.

ಆ ಕಾಲದ ಬಂಗಾಳದ ವಿಧವೆಯ ಬದುಕು ಎಂಥದೆಂಬುದನ್ನು ಬಲ್ಲವರು ಈ ಅಂಕಿಗಳನ್ನು ಓದಿ, ವಿಧವೆಯರು ವಿಧುರರಿಗಿಂತ ಗಟ್ಟಿಯಾಗಿದ್ದರೆಂದು ನಂಬಲಾರರು. ಈ ಸಮೀಕ್ಷೆಯನ್ನು ಮತ್ತೆ ಬೆಳಕಿಗೆ ತಂದು ಅದರ ಅರ್ಥವನ್ನು ಬಿಡಿಸಿದವರು, 1998ರಲ್ಲಿ ನೊಬೆಲ್ ಪಡೆದ ಅಮರ್ತ್ಯ ಸೇನ್. ತನ್ನ ಸ್ಥಿತಿ ಹೀಗಿರುವುದೇ ಸಹಜವೆಂದು ಒಪ್ಪಿಕೊಂಡವರು ದೂರುವುದಿಲ್ಲ. ದೂರದಿರುವುದರಿಂದ ಅವರಿಗೆ ಏನೂ ಆಗಿಲ್ಲವೆಂದು ಮನೆಯವರೂ ಆಳುವವರೂ ತೀರ್ಮಾನಿಸುತ್ತಾರೆ. ಕುಟುಂಬವೆಂಬುದು ಸಹಕಾರವೂ ಹೌದು, ಒಳಗೊಳಗೇ ಘರ್ಷಣೆಯೂ ಹೌದು. ಆ ಘರ್ಷಣೆಯಲ್ಲಿ ತನ್ನ ಹಿತವೇ ಬೇರೆಯಾಗಿ ಇದೆಯೆಂದು ತಿಳಿಯದವಳು ಮಾತಾಡುವ ಮೊದಲೇ ಸೋತಿರುತ್ತಾಳೆ ಎಂಬುದು ಸೇನ್ ಅವರ ವಾದದ ತಿರುಳು.

‘ನನಗೇನಾಗಿದೆ’ ಎಂಬುದು ಆರೋಗ್ಯದ ವರದಿಯಲ್ಲ. ತನ್ನನ್ನು ಕೇಳುವವರಿಲ್ಲದೆ, ತಾನೂ ತನ್ನನ್ನು ಕೇಳಿಕೊಳ್ಳುವುದನ್ನು ಬಿಟ್ಟವರ ಮಾತು ಅದು.

ಪ್ರೀತಿಗೆ ತಕ್ಕಡಿಯೇಕೆ?

ಇಲ್ಲಿಗೆ ಬಂದಾಗ ಓದುಗರಲ್ಲಿ ಕೆಲವರಿಗೆ ಬೇಸರವಾಗಬಹುದು. ತಾಯಿ ಕೊಟ್ಟದ್ದನ್ನು ತಕ್ಕಡಿಯಲ್ಲಿಟ್ಟು ತೂಗುವುದು ಎಂಥ ಕೃತಘ್ನತೆ? ಅಡುಗೆಮನೆಗೆ ಲೆಕ್ಕಪತ್ರ ತಂದರೆ ಮನೆ ಮನೆಯಾಗಿ ಉಳಿದೀತೇ? ಯಾರೂ ಕೇಳದೆ, ಮನಸಾರೆ ಕೊಟ್ಟದ್ದನ್ನು ಅನ್ಯಾಯವೆಂದರೆ ಆಕೆಯ ಮನಸ್ಸನ್ನೇ ಅವಮಾನಿಸಿದಂತಲ್ಲವೇ? ಈ ಆಕ್ಷೇಪಣೆ ಹಗುರವಾದುದಲ್ಲ. ನಾನೂ ಬಹುಕಾಲ ಇದನ್ನೇ ನಂಬಿದ್ದವನು. ಆ ನಂಬಿಕೆ ಅಲುಗಿದ ಬಗೆಯನ್ನು ಹೇಳಬೇಕು.

ನಮ್ಮ ತಂದೆ ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸಗಾರರಾಗಿದ್ದರು. ಈ ಊರಿನ ಚರಿತ್ರೆ ಬಲ್ಲವರಿಗೆ ಆ ಕಾಲ ನೆನಪಿರಬಹುದು. 1953ರಲ್ಲಿ ಹಿಂದೂಸ್ತಾನ್ ಮಷೀನ್ ಟೂಲ್ಸ್, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪನೆಯಾದವು. ಹೊಲ, ನೀಲಗಿರಿ ತೋಪುಗಳಿದ್ದ ಜಾಗದಲ್ಲಿ ಕಾರ್ಖಾನೆಗಳೂ ಕಾಲೊನಿಗಳೂ ಎದ್ದವು. ಕೆಲಸದ ಜೊತೆಗೆ ಮನೆ, ಶಾಲೆ, ಆಟದ ಬಯಲು, ಆಸ್ಪತ್ರೆ. ಕೆಲಸಗಾರನ ಆರೋಗ್ಯವಷ್ಟೇ ಅಲ್ಲದೆ ಅವನ ಅವಲಂಬಿತರ ಆರೋಗ್ಯವೂ ಸಂಸ್ಥೆಯ ಹೊಣೆಯೆಂದು ಒಪ್ಪಿಕೊಂಡ ಕಾಲವದು. ಸ್ವತಂತ್ರ ಭಾರತದ ಸಾಮಾಜಿಕ ನೀತಿಯ ಅತ್ಯುತ್ತಮ ಕನಸುಗಳಲ್ಲಿ ಒಂದು ಇಲ್ಲಿಯ ಬೀದಿಗಳಲ್ಲಿ ನನಸಾಗಿತ್ತೆಂದರೆ ಅತಿಶಯೋಕ್ತಿಯಲ್ಲ.

ನಮ್ಮ ಮನೆಯಿಂದ ಆಸ್ಪತ್ರೆಗೆ ಹದಿನೈದು ನಿಮಿಷದ ನಡಿಗೆ. ವೈದ್ಯರಿಗೆ ಹಣ ಕೊಡಬೇಕಿರಲಿಲ್ಲ, ಔಷಧಿಗೂ ಕೊಡಬೇಕಿರಲಿಲ್ಲ. ಅಮ್ಮನ ಹೆಸರೂ ಆ ಪುಸ್ತಕದಲ್ಲಿತ್ತು. ನನಗೆ ಹದಿನಾಲ್ಕು ವರ್ಷವಾಗಿದ್ದಾಗ ಒಂದು ಬೆಳಿಗ್ಗೆ ಅಮ್ಮ ನಲ್ಲಿಯ ಬಳಿ ಕೊಡ ಇಳಿಸುವಾಗ ಕುಸಿದು ಬಿದ್ದರು. ರಕ್ತ ತೀರ ಕಡಿಮೆಯಾಗಿದೆ, ಅತಿಯಾದ ಸ್ರಾವ ಬಹಳ ದಿನದಿಂದ ಇರಬೇಕು, ಎಷ್ಟು ತಿಂಗಳಿಂದ ಎಂದು ವೈದ್ಯೆ ಕೇಳಿದರು. ಅಪ್ಪನಿಗೆ ಗೊತ್ತಿರಲಿಲ್ಲ. ನನಗಂತೂ ಪ್ರಶ್ನೆಯೇ ಅರ್ಥವಾಗಲಿಲ್ಲ. ಮಲಗಿದ್ದಲ್ಲಿಂದಲೇ ಅಮ್ಮ, “ಐದು ವರ್ಷ ಆಗಿರಬೇಕು” ಎಂದರು. ಮುಂಚೆ ಯಾಕೆ ಬರಲಿಲ್ಲವೆಂದು ವೈದ್ಯೆ ಗದರಿದಾಗ ಅವರು ಕೊಟ್ಟ ಉತ್ತರ ಇಂದಿಗೂ ಕಿವಿಯಲ್ಲಿದೆ: “ಬಂದು ಇಲ್ಲಿ ಕೂತ್ರೆ ಮಧ್ಯಾಹ್ನದ ಅಡುಗೆ ಯಾರು ಮಾಡ್ತಾರೆ?”

ಅಮ್ಮ ಬದುಕಿಕೊಂಡರು. ಶಸ್ತ್ರಚಿಕಿತ್ಸೆಯಾಗಿ, ಮುಂದೆ ಮೊಮ್ಮಕ್ಕಳನ್ನೂ ಎತ್ತಿ ಆಡಿಸಿದರು. ಆದರೆ ನನ್ನನ್ನು ಕಾಡಿದ್ದು ಆ ಐದು ವರ್ಷಗಳು. ಆ ಅವಧಿಯಲ್ಲಿ ಪ್ರತಿರಾತ್ರಿಯೂ ನಾನು ಅವರ ಎದುರಿಗೇ ಕುಳಿತು ಉಂಡಿದ್ದೆ. ಮೀನಿನ ನಡುವಣ ತುಂಡು ನನ್ನ ತಟ್ಟೆಗೆ ಬರುತ್ತಿತ್ತು. ಬೆಳೆಯುವ ಹುಡುಗ ಎಂಬುದು ಅದರ ಸಮರ್ಥನೆ. ಅಮ್ಮ ಎಲ್ಲರದೂ ಆದ ಮೇಲೆ ಉಣ್ಣುತ್ತಿದ್ದರು. ಆ ಕೊನೆಯ ತಟ್ಟೆಯಲ್ಲಿ ಏನಿರುತ್ತಿತ್ತೆಂದು ನಾನು ಒಂದು ದಿನವಾದರೂ ಬಗ್ಗಿ ನೋಡಿರಲಿಲ್ಲ. ಅಪ್ಪ ಕ್ರೂರಿಯಾಗಿರಲಿಲ್ಲ, ನಾನು ದುಷ್ಟನಾಗಿರಲಿಲ್ಲ. ಆ ಮನೆಯಲ್ಲಿ ಪ್ರೀತಿಯ ಕೊರತೆಯೂ ಇರಲಿಲ್ಲ. ಆದಾಗ್ಯೂ ಒಬ್ಬರ ರಕ್ತ ಐದು ವರ್ಷ ಸೋರಿಹೋಯಿತು. ಅದನ್ನು ಪ್ರೀತಿ ನೋಡಲಿಲ್ಲ.

ಆದುದರಿಂದಲೇ ತಕ್ಕಡಿ ಬೇಕು. ತೂಗುವುದು ತಾಯಿಯ ಪ್ರೀತಿಯನ್ನಲ್ಲ, ಅದನ್ನು ಪಡೆದುಕೊಂಡ ನಮ್ಮ ಕುರುಡನ್ನು.

ತ್ಯಾಗವೋ, ಕಂದಾಯವೋ?

ಕ್ರೈಸ್ತರಾದ ನಮಗೆ ತ್ಯಾಗವೆಂಬುದು ಪವಿತ್ರವಾದ ಪದ. ಅದಕ್ಕೇ ಅದನ್ನು ಎಲ್ಲಿ ಬಳಸುತ್ತಿದ್ದೇವೆಂಬ ಎಚ್ಚರವೂ ನಮಗೇ ಹೆಚ್ಚು ಬೇಕು. ತನ್ನದನ್ನು ತಾನು ಕೊಡುವುದು ತ್ಯಾಗ. ಇನ್ನೊಬ್ಬರಿಂದ ಅದನ್ನು ನಿರೀಕ್ಷಿಸುತ್ತಾ ಕುಳಿತು, ಬಂದಾಗ ಹೊಗಳುವುದು ತ್ಯಾಗಕ್ಕೆ ಸಲ್ಲಿಸುವ ಗೌರವವಲ್ಲ. ಅದು ವಸೂಲಿಯ ಸಭ್ಯ ರೂಪ.

ಎರಡನ್ನೂ ಬೇರ್ಪಡಿಸಲು ಮೂರು ಸರಳ ಪ್ರಶ್ನೆಗಳು ನೆರವಾಗಬಲ್ಲವು. ಮೊದಲನೆಯದಾಗಿ, ಆಕೆ ಇಲ್ಲವೆನ್ನಬಹುದಿತ್ತೇ? ನನ್ನ ಮಾತ್ರೆಯೂ ತಿಂಗಳಿಗೆ ಬರಲಿ ಎಂದು ಹೇಳಿದ್ದರೆ ಮನೆಯಲ್ಲಿ ಸ್ವಾರ್ಥಿಯೆನಿಸಿಕೊಳ್ಳದೆ ಇರುತ್ತಿದ್ದಳೇ? ಇಲ್ಲವೆನ್ನಲಾಗದ ಕಡೆ ಹೌದೆಂಬ ಮಾತಿಗೆ ಪೂರ್ಣ ಬೆಲೆಯಿಲ್ಲ. ಎರಡನೆಯದಾಗಿ, ಸರದಿ ಬದಲಾಗುತ್ತದೆಯೇ? ಈ ತಿಂಗಳು ಆಕೆ ಬಿಟ್ಟುಕೊಟ್ಟರೆ ಮುಂದಿನ ತಿಂಗಳು ಬೇರೊಬ್ಬರು ಬಿಟ್ಟುಕೊಡುವರೇ? ಒಂದು ಮನೆಯಲ್ಲಿ ಸದಾ ಒಬ್ಬರೇ ಕೊಡುತ್ತಿದ್ದರೆ, ಆ ಕೊಡುಗೆಗೆ ಕಂದಾಯದ ಎಲ್ಲ ಲಕ್ಷಣಗಳೂ ಇವೆ: ನಿಗದಿತ ವ್ಯಕ್ತಿ, ನಿಗದಿತ ಕಾಲ, ವಿನಾಯಿತಿಯಿಲ್ಲ. ಮೂರನೆಯದಾಗಿ, ಪಡೆದವರಿಗೆ ಅದು ಗೊತ್ತಿದೆಯೇ? ತನಗಾಗಿ ಹೆಂಡತಿ ಇಪ್ಪತ್ತು ದಿನ ಮಾತ್ರೆಯಿಲ್ಲದೆ ಇರುವಳೆಂಬುದು ಆ ಪತಿಗೆ ತಿಳಿದಿದ್ದರೆ ಅವನು ಒಪ್ಪುತ್ತಿದ್ದನೇ? ಬಹುಶಃ ಒಪ್ಪುತ್ತಿರಲಿಲ್ಲ. ಅವನೇ ಅಂಗಡಿಗೆ ಹೋಗಿ ಮತ್ತೆ ಇಪ್ಪತ್ತು ಮಾತ್ರೆ ತರುತ್ತಿದ್ದನೇನೋ. ಅವನಿಗೆ ತಿಳಿಯದಂತೆ ನಡೆಯುವುದರಿಂದ ಆಕೆಯ ಆರೋಗ್ಯ ಮಾತ್ರವಲ್ಲ, ನ್ಯಾಯವಂತನಾಗುವ ಅವಕಾಶವೊಂದು ಅವನಿಗೂ ತಪ್ಪಿಹೋಗುತ್ತದೆ.

ನಿಜವಾದ ತ್ಯಾಗ ಇಲ್ಲವೆಂದು ನಾನು ಹೇಳುತ್ತಿಲ್ಲ. ಮಗುವಿನ ಜ್ವರದ ರಾತ್ರಿ ನಿದ್ದೆಗೆಡುವ ತಾಯಿತಂದೆಯರನ್ನು ಯಾವ ಲೆಕ್ಕಿಗನೂ ಪ್ರಶ್ನಿಸಬೇಕಾಗಿಲ್ಲ. ಪ್ರಶ್ನೆಯಿರುವುದು ತುರ್ತಿನ ತ್ಯಾಗದ ಬಗ್ಗೆ ಅಲ್ಲ. ಅದು ಮನೆಯ ಕಾಯಂ ವ್ಯವಸ್ಥೆಯಾಗಿಬಿಡುವುದರ ಬಗ್ಗೆ.

ಯಾರ ಕೈಗೆ, ಯಾವ ರೂಪದಲ್ಲಿ?

ಮನೆಯೊಳಗಿನ ಈ ಹಂಚಿಕೆಯನ್ನು ಸರ್ಕಾರದ ನೀತಿ ಬದಲಿಸಬಲ್ಲುದೇ? ಸ್ವಲ್ಪಮಟ್ಟಿಗೆ ಬಲ್ಲುದೆಂದು ಸಂಶೋಧನೆಗಳು ತೋರಿಸಿವೆ. ಬ್ರಿಟನ್ನಿನಲ್ಲಿ ಮಕ್ಕಳ ನೆರವಿನ ಬಹುಭಾಗ ಹಿಂದೆ ತಂದೆಯ ಸಂಬಳದ ತೆರಿಗೆ ರಿಯಾಯಿತಿಯ ರೂಪದಲ್ಲಿ ಬರುತ್ತಿತ್ತು. 1970ರ ದಶಕದ ಕೊನೆಯಲ್ಲಿ ಅದನ್ನು ತಾಯಿಯ ಕೈಗೇ ಕೊಡುವ ವ್ಯವಸ್ಥೆ ಬಂತು. ಕುಟುಂಬ ಒಂದೇ ಥೈಲಿಯಾಗಿದ್ದರೆ ಹಣ ಯಾರ ಕೈಗೆ ಬಂದರೂ ಖರ್ಚಿನಲ್ಲಿ ವ್ಯತ್ಯಾಸ ಕಾಣಬಾರದಿತ್ತು. ಆದರೆ ಗಂಡಸರ ಬಟ್ಟೆಗೆ ಹೋಲಿಸಿದರೆ ಹೆಂಗಸರ ಮತ್ತು ಮಕ್ಕಳ ಬಟ್ಟೆಗೆ ಮಾಡುವ ಖರ್ಚು ಹೆಚ್ಚಿತೆಂದು ಲುಂಡ್‌ಬರ್ಗ್, ಪೊಲಾಕ್ ಮತ್ತು ವೇಲ್ಸ್ ಎಂಬ ಅರ್ಥಶಾಸ್ತ್ರಜ್ಞರು 1997ರಲ್ಲಿ ತೋರಿಸಿದರು. ದಕ್ಷಿಣ ಆಫ್ರಿಕಾದಲ್ಲಿ ವೃದ್ಧಾಪ್ಯ ವೇತನವನ್ನು ಕಪ್ಪು ಜನರಿಗೂ ವಿಸ್ತರಿಸಿದ ಮೇಲೆ, ಅದು ಅಜ್ಜಿಯ ಕೈಸೇರಿದ ಮನೆಗಳಲ್ಲಿ ಹೆಣ್ಣುಮಕ್ಕಳ ಪುಷ್ಟಿ ಸುಧಾರಿಸಿತು. ಅಜ್ಜನ ಕೈಸೇರಿದಲ್ಲಿ ಅಂಥ ಪರಿಣಾಮ ಕಾಣಲಿಲ್ಲ ಎಂದು ಎಸ್ತರ್ ಡುಫ್ಲೊ 2003ರಲ್ಲಿ ಬರೆದರು. ಅವರು 2019ರ ನೊಬೆಲ್ ಹಂಚಿಕೊಂಡವರು.

2023ರಲ್ಲಿ ಕರ್ನಾಟಕ ಸರ್ಕಾರ ಆರಂಭಿಸಿದ ಗೃಹಲಕ್ಷ್ಮಿ ಯೋಜನೆ ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ನಿಗದಿಪಡಿಸಿದ್ದರ ಹಿಂದೆಯೂ ಇಂಥದೇ ವಿವೇಕವಿದೆ. ಅದರ ರಾಜಕೀಯವನ್ನು, ಬೊಕ್ಕಸದ ಮೇಲಣ ಭಾರವನ್ನು ಚರ್ಚಿಸುವವರು ಚರ್ಚಿಸಲಿ. ನಮಗೆ ಮುಖ್ಯವಾದ ಪ್ರಶ್ನೆ ಬೇರೆ. ಸದಾ ಕೊನೆಗೆ ಉಣ್ಣುವುದನ್ನೇ ಧರ್ಮವೆಂದು ಕಲಿತವಳ ಕೈಗೆ ಹಣ ಬಂದರೆ ಆಕೆ ಅದರಲ್ಲಿ ತನಗೆಂದು ಏನನ್ನು ಕೊಂಡಾಳು? ಮಗಳ ಶುಲ್ಕ, ಮಗನ ಪುಸ್ತಕ, ಗಂಡನ ಮಾತ್ರೆ. ಆಮೇಲೆ ಉಳಿದರೆ ತನ್ನದು. ತಾಯಿಯ ಕೈಯ ಹಣದಿಂದ ಮಕ್ಕಳಿಗೆ ಒಳಿತಾಗುತ್ತದೆಂದು ನೀತಿಗಾರರು ಸಂತೋಷಪಡುತ್ತಾರೆ, ಸಂತೋಷಪಡಬೇಕಾದುದೇ. ಆದರೆ ಆಕೆಯನ್ನು ಒಳಿತಿನ ಕಾಲುವೆಯೆಂದಷ್ಟೇ ನೋಡಿದರೆ, ನಾವು ಮನೆಯಲ್ಲಿ ಮಾಡಿದ ತಪ್ಪನ್ನೇ ಸರ್ಕಾರವೂ ದೊಡ್ಡ ಪ್ರಮಾಣದಲ್ಲಿ ಮಾಡಿದಂತಾಗುತ್ತದೆ. ಕಾಲುವೆಗೂ ಬಾಯಾರಿಕೆಯಿದೆ.

ನೆರವಿನ ರೂಪವೂ ಮುಖ್ಯ. 2008ರ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ ಒಂದು ಕುಟುಂಬದಿಂದ ಐವರಿಗೆ ಮಾತ್ರ ರಕ್ಷಣೆ ಕೊಡುತ್ತಿತ್ತು. ಆರು ಜನರಿರುವ ಮನೆಯಲ್ಲಿ ಬಿಟ್ಟುಹೋಗುವ ಆರನೆಯವರು ಯಾರಾಗಿರಬಹುದೆಂದು ಊಹಿಸಲು ಬಹಳ ಬುದ್ಧಿ ಬೇಕಿಲ್ಲ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆ ಮಿತಿಯನ್ನು ತೆಗೆದುಹಾಕಿ, ಅರ್ಹ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ವೆಚ್ಚವನ್ನು ಭರಿಸುವ ವ್ಯವಸ್ಥೆ ಮಾಡಿತು. ದೊಡ್ಡ ಹೆಜ್ಜೆಯೇ ಸರಿ. ಆದರೆ ಆ ವಿಮೆ ಮುಖ್ಯವಾಗಿ ಹಾಸಿಗೆ ಹಿಡಿದು ದಾಖಲಾದವರಿಗೆ. ಬಿ.ಪಿ., ಸಕ್ಕರೆ ಕಾಯಿಲೆಗಳು ಹಾಸಿಗೆಯ ಮೇಲೆ ಶುರುವಾಗುವುದಿಲ್ಲ. ತಿಂಗಳು ತಿಂಗಳೂ ಔಷಧಿ ಅಂಗಡಿಯ ಮುಂದೆ, ಪರ್ಸು ತೆರೆಯುವ ಗಳಿಗೆಯಲ್ಲಿ ಅವು ಹತೋಟಿಗೆ ಬರುತ್ತವೆ ಅಥವಾ ಕೈಮೀರುತ್ತವೆ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಕೈಯಿಂದ ತೆರುವ ಪಾಲು 2013-14ರಲ್ಲಿ ಶೇ. 64.2 ಇದ್ದದ್ದು 2021-22ಕ್ಕೆ ಶೇ. 39.4ಕ್ಕೆ ಇಳಿದಿದೆಯೆಂದು ಸರ್ಕಾರದ ಆರೋಗ್ಯ ಲೆಕ್ಕಪತ್ರ ಹೇಳುತ್ತದೆ. ಉಳಿದಿರುವ ಆ ಪಾಲಿನಲ್ಲಿ ಔಷಧಿಯದು ದೊಡ್ಡ ಭಾಗ. ಹತ್ತು ಮಾತ್ರೆಗೆ ಕತ್ತರಿ ಹಾಕಿಸಿದ ಆ ತಾಯಿಗೆ ಐದು ಲಕ್ಷದ ಚೀಟಿ ಉಪಯೋಗಕ್ಕೆ ಬರುವುದು, ಮಾತ್ರೆ ತಪ್ಪಿದ್ದರಿಂದ ಪಾರ್ಶ್ವವಾಯು ಬಡಿದು ಆಸ್ಪತ್ರೆ ಸೇರಿದ ಮೇಲೆ! ಪ್ರಾಥಮಿಕ ಕೇಂದ್ರದಲ್ಲಿ ಇಡೀ ತಿಂಗಳ ಮಾತ್ರೆಯನ್ನು ಅವಳ ಹೆಸರಿನಲ್ಲೇ ಉಚಿತವಾಗಿ ಕೊಟ್ಟರೆ, ಅಂಗಡಿಯ ಮುಂದೆ ಆಕೆ ಆಯ್ಕೆ ಮಾಡಬೇಕಾದ ಪ್ರಸಂಗವೇ ಬಾರದು. ಬಿಡಿಸಿ ಕೊಟ್ಟ ಮಾತ್ರೆಯನ್ನು ಇನ್ನೊಬ್ಬರಿಗೆ ತ್ಯಾಗ ಮಾಡಲು ಬರುವುದಿಲ್ಲ.

ಸಮಯದ ಮಾತೂ ಇದೆ. ನಮ್ಮ ಅಮ್ಮನಿಗೆ ಆಸ್ಪತ್ರೆ ಉಚಿತವಾಗಿತ್ತು, ಉಚಿತವಾಗಿರದಿದ್ದದ್ದು ಮಧ್ಯಾಹ್ನ. ಇಂದಿನ ಜಾಲಹಳ್ಳಿಯಲ್ಲಿ ಅಂದಿನ ಚಿತ್ರವೇ ಬದಲಾಗಿದೆ. ಎಚ್.ಎಂ.ಟಿ. ಗಡಿಯಾರದ ಸಂಸ್ಥೆಯನ್ನು ಮುಚ್ಚಲು 2016ರಲ್ಲಿ ತೀರ್ಮಾನವಾಯಿತು. ಪಕ್ಕದ ಪೀಣ್ಯದ ಗಾರ್ಮೆಂಟ್ಸ್‌ಗಳಿಗೆ ಬೆಳಗಾಗುವ ಮೊದಲೇ ಬುತ್ತಿ ಕಟ್ಟಿಕೊಂಡು ಹೊರಡುವವರಲ್ಲಿ ಹೆಚ್ಚಿನವರು ಹೆಂಗಸರು. ಇ.ಎಸ್.ಐ. ವ್ಯವಸ್ಥೆಯಲ್ಲಿ ಆಕೆ ಈಗ ಗಂಡನ ಅವಲಂಬಿತಳಲ್ಲ; ಸ್ವತಃ ವಿಮೆಯುಳ್ಳ ಕಾರ್ಮಿಕಳು. ಅರ್ಹತೆಯಿದ್ದರೆ ಕಾಯಿಲೆಯ ರಜೆಯಲ್ಲಿ ವರ್ಷಕ್ಕೆ 91 ದಿನಗಳವರೆಗೆ ಶೇ. 70ರಷ್ಟು ಕೂಲಿ ಪಡೆಯುವ ಹಕ್ಕೂ ಅವಳದು. ಅಮ್ಮನ ಪೀಳಿಗೆಗೆ ಇಲ್ಲದ ಘನತೆ ಇದು. ಆದರೆ ಹಕ್ಕನ್ನು ಚಲಾಯಿಸಲು ಅರ್ಧ ದಿನ ಬೇಕು. ಜೊತೆಗೆ ಬರುವವರು ಬೇಕು. ಅಂದು ಒಲೆ ಹಚ್ಚುವವರು ಬೇಕು. ಭಾನುವಾರವೂ ಸಂಜೆಯೂ ತೆರೆದಿರುವ ಚಿಕಿತ್ಸಾಲಯವನ್ನು ಸರ್ಕಾರ ಕೊಡಬಲ್ಲುದು. ಒಲೆ ಹಚ್ಚುವವರನ್ನು ಯಾವ ಇಲಾಖೆಯೂ ಕಳಿಸಲಾರದು. ಅದು ನಮ್ಮ ಪಾಲಿನ ಕೆಲಸ.

ಬಗ್ಗಿ ನೋಡುವ ಧರ್ಮ

ಅರ್ಥಶಾಸ್ತ್ರಜ್ಞರು ಕೊಪ್ಪಳದ ಮನೆಗಳಲ್ಲಿ ಕೇಳಿದ್ದು ಅಸಾಧಾರಣವಾದ ಪ್ರಶ್ನೆಯನ್ನೇನಲ್ಲ. ಮನೆಯ ಪ್ರತಿಯೊಬ್ಬರ ಬಗ್ಗೆಯೂ ಬೇರೆ ಬೇರೆಯಾಗಿ ಕೇಳಿದರು, ಅಷ್ಟೆ. ಕುಟುಂಬ ಹೇಗಿದೆ ಎಂದು ಕೇಳಿದರೆ ಎಲ್ಲರೂ ಚೆನ್ನಾಗಿದ್ದಾರೆ ಎಂಬ ಉತ್ತರವೇ ಬರುತ್ತದೆ. ನೀವು ಹೇಗಿದ್ದೀರಿ, ನಿಮ್ಮ ಮಾತ್ರೆ ಎಷ್ಟು ದಿನಕ್ಕಿದೆ, ಕೊನೆಯ ಸಲ ವೈದ್ಯರನ್ನು ಕಂಡದ್ದು ಯಾವಾಗ ಎಂದು ಕೇಳಿದಾಗ ಮಾತ್ರ ಬೇರೆ ಉತ್ತರಕ್ಕೆ ಎಡೆಯಾಗುತ್ತದೆ. ಮೊದಲ ಸಲ ‘ನನಗೇನಾಗಿದೆ’ ಎಂದೇ ಬರಬಹುದು. ಎರಡನೆಯ ಸಲ ಕೇಳಬೇಕು. ಸಮೀಕ್ಷೆಗೆ ಬಂದವರು ಒಮ್ಮೆ ಕೇಳಿ ಹೋಗಬೇಕಾಗುತ್ತದೆ. ಮನೆಯವರಿಗೆ ದಿನವೂ ಕೇಳುವ ಅವಕಾಶವಿದೆ.

ನಮ್ಮ ಊರುಗಳಲ್ಲಿ ಉಚಿತ ಆರೋಗ್ಯ ಶಿಬಿರಗಳು ನಡೆಯುತ್ತವೆ. ಒಳ್ಳೆಯದೇ. ಅದಕ್ಕಿಂತ ಕಡಿಮೆ ಖರ್ಚಿನ ಶಿಬಿರವೊಂದನ್ನು ಪ್ರತಿ ಮನೆಯೂ ನಡೆಸಬಹುದು. ಇಂದು ರಾತ್ರಿ ಊಟಕ್ಕೆ ಕುಳಿತಾಗ, ಬಡಿಸುವವರ ಕೈಯಿಂದ ಸೌಟು ಇಸಿದುಕೊಂಡು ಅವರಿಗೆ ಮೊದಲು ಬಡಿಸೋಣ. ಮಾತ್ರೆಯ ಡಬ್ಬಿಯನ್ನು ತೆರೆದು ಯಾರದು ಖಾಲಿಯಾಗಿದೆಯೆಂದು ನೋಡೋಣ. ಗಂಡುಮಕ್ಕಳಿಗೆ ಅನ್ನ ಮಾಡಲು ಕಲಿಸೋಣ. ಅದು ಅಮ್ಮನಿಗೆ ಒಂದು ದಿನದ ವಿಶ್ರಾಂತಿಯಷ್ಟೇ ಅಲ್ಲ, ಸಕಾಲದಲ್ಲಿ ಆಸ್ಪತ್ರೆಗೆ ಹೋಗುವ ಸ್ವಾತಂತ್ರ್ಯ.

ಅಮ್ಮ ತೀರಿಕೊಂಡು ಹಲವು ವರ್ಷಗಳಾದವು. ಅವರ ಕೊನೆಯ ದಿನಗಳಲ್ಲಿ ಅವರ ಮಾತ್ರೆಗಳನ್ನು ನಾನೇ ಎಣಿಸಿ ಡಬ್ಬಿಗೆ ತುಂಬುತ್ತಿದ್ದೆ. ಒಮ್ಮೆ ಅವರು ನಗುತ್ತಾ, “ನಿನ್ನದೇನಾದ್ರೂ ಇದ್ರೆ ಮೊದ್ಲು ನೋಡ್ಕೊ, ನಂದೇನು ಬಿಡು” ಎಂದರು. ಎಂಬತ್ತರ ವಯಸ್ಸಿನಲ್ಲೂ ಅದೇ ಮಾತು! ನಾನು ಎಣಿಸುವುದನ್ನು ನಿಲ್ಲಿಸಲಿಲ್ಲ. ಐದು ವರ್ಷಗಳ ಸಾಲ ಮಾತ್ರೆಗಳ ಲೆಕ್ಕದಲ್ಲಿ ತೀರುವಂಥದಲ್ಲವೆಂದು ನನಗೆ ಗೊತ್ತಿತ್ತು.

ಆ ಸಂಜೆ ಅಂಗಡಿಯ ಮುಂದೆ ನಾನು ಮಾತಾಡಲಿಲ್ಲ. ಅಪರಿಚಿತ ಹೆಣ್ಣುಮಗಳ ಔಷಧಿಯ ವಿಚಾರದಲ್ಲಿ ತಲೆಹಾಕುವುದು ಸರಿಯಲ್ಲವೆಂದುಕೊಂಡೆ. ಸರಿಯೂ ಇರಬಹುದು. ಆದರೆ ಆ ಎರಡು ಚೀಟಿಗಳಲ್ಲಿ ಮೊದಲನೆಯದರ ಮೇಲೆ ಯಾರ ಹೆಸರಿತ್ತೋ ಅವರು ಅಪರಿಚಿತರಲ್ಲ. ಅವರು ಈ ಪುಟವನ್ನು ಓದುತ್ತಿರಲೂಬಹುದು. ಹಾಗಿದ್ದರೆ, ಅಣ್ಣಾ, ದಯವಿಟ್ಟು ಇಂದು ಒಮ್ಮೆ ಕೇಳಿ ನೋಡಿ: “ನಿನ್ನ ಮಾತ್ರೆ ಎಷ್ಟು ದಿನಕ್ಕಿದೆ?”